ಹಳೆಯ ಕ್ವಾರಿಯಲ್ಲಿ ಸಿಕ್ಕ ಕಪ್ಪು ಹರಳು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಇಳಕಲ್ಲಿನಿಂದ, ಲೋಕಾಪುರದಿಂದ, ಖಾನಾಪುರದ ಅಡವಿಯಂಚಿನ ಊರುಗಳಿಂದ, ವಿಜಯಪುರದ ಕಡೆಯಿಂದ ಜನ ಕಪ್ಪು ಹರಳುಗಳನ್ನು ಕಟ್ಟಿಕೊಂಡು ಬಾಗಲಕೋಟೆಯ ನನ್ನ ಮನೆಗೆ ಬರುತ್ತಾರೆ. ಕರವಸ್ತ್ರದ ಗಂಟಿನಲ್ಲಿ ತರುತ್ತಾರೆ, ಊಟದ ಡಬ್ಬಿಯಲ್ಲಿ ತರುತ್ತಾರೆ. ಒಬ್ಬರು ಅರಿಶಿನ ಕುಂಕುಮ ಹಚ್ಚಿ ತಂದಿದ್ದರು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು, ಕಲ್ಲು ನನ್ನ ಹಳೆಯ ಚಟ. ಎಲ್ಲರಿಗೂ ಅದೇ ಉತ್ತರಗಳನ್ನು ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಇದನ್ನು ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರವೇ, ಮಾತನ್ನು ಸ್ವಲ್ಪ ತಿದ್ದಿದ್ದೇನೆ, ಅಷ್ಟೇ.

## ಮೊದಲ ಹೆಜ್ಜೆ

"ಸರ್, ಮೊಬೈಲಿಗೆ ಫೋಟೋ ಕಳಿಸಿದ್ದೇನೆ. ಯಾವ ಕಲ್ಲು, ಹೇಳಿಬಿಡಿ."

ಹೇಳಲಾಗುವುದಿಲ್ಲ. ಫೋಟೋದಲ್ಲಿ ಹರಳಿನ ತೂಕ ಕಾಣುವುದಿಲ್ಲ, ಗಡಸು ಕಾಣುವುದಿಲ್ಲ, ಪುಡಿಯ ಬಣ್ಣ ಕಾಣುವುದಿಲ್ಲ. ಗುರುತು ಹಿಡಿಯಲು ಬೇಕಾದ ಮೂರೂ ಅಲ್ಲಿಲ್ಲ. ಆದರೂ ಕಳಿಸುವುದಿದ್ದರೆ ಬಿಳಿ ಹಾಳೆಯ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು, ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ. ನೀರು ಚಿಮುಕಿಸಬೇಡಿ. ಒದ್ದೆಯಾದರೆ ಎಲ್ಲ ಕಲ್ಲೂ ಚೆಲುವೆಯೇ. ಹರಳಿನ ಉದ್ದದ ಚಿತ್ರ ಒಂದು, ತುದಿಯಿಂದ ನೇರವಾಗಿ ನೋಡಿದ ಚಿತ್ರ ಒಂದು, ಅದು ಅಂಟಿಕೊಂಡಿರುವ ತಾಯಿಕಲ್ಲಿನ ಚಿತ್ರ ಒಂದು. ತುದಿಯ ಚಿತ್ರವನ್ನು ಯಾರೂ ಕಳಿಸುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

"ಕಪ್ಪಗಿದೆ, ಹೊಳೆಯುತ್ತದೆ. ಇಷ್ಟು ಸಾಲದೇ?"

ಸಾಲದು. ಖನಿಜ ಗುರುತಿಸುವಾಗ ಬಣ್ಣಕ್ಕೆ ಕೊನೆಯ ಪಂಕ್ತಿ. ಅದರಲ್ಲೂ ಕಪ್ಪು ಬಹಳ ಮೋಸದ ಬಣ್ಣ. ಹರಳಿನೊಳಗೆ ಸ್ವಲ್ಪ ಕಬ್ಬಿಣ ಸೇರಿದರೆ ಸಾಕು, ಸಂಬಂಧವೇ ಇಲ್ಲದ ಹತ್ತು ಖನಿಜಗಳು ಒಂದೇ ರೀತಿ ಕಪ್ಪಾಗುತ್ತವೆ. ಟೂರ್ಮಲಿನ್, ಹಾರ್ನ್‌ಬ್ಲೆಂಡ್, ಆಗೈಟ್, ಬಯೋಟೈಟ್, ಮ್ಯಾಗ್ನಟೈಟ್, ಹೆಮಟೈಟ್, ಇಲ್ಮನೈಟ್ ಎಲ್ಲವೂ ದೂರದಿಂದ ಕಪ್ಪೇ. ಹೊಳಪಿನಿಂದ ಮಾತ್ರ ಸ್ವಲ್ಪ ಸಹಾಯವಿದೆ. ಅದು ಲೋಹದ ಹೊಳಪೋ, ಗಾಜಿನ ಹೊಳಪೋ, ಡಾಂಬರಿನಂಥ ಜಿಡ್ಡು ಹೊಳಪೋ ನೋಡಿ ಬರೆದಿಟ್ಟುಕೊಳ್ಳಿ.

"ನಾನು ಕಲ್ಲು ತೋರಿಸಿದರೆ ನೀವು ಊರು ಕೇಳುತ್ತೀರಿ. ಯಾಕೆ?"

ಮನುಷ್ಯರ ಮನೆತನ ಕೇಳುವುದು ತಪ್ಪಿರಬಹುದು, ಹರಳಿನ ಮನೆತನ ಕೇಳಲೇಬೇಕು. ನಮ್ಮ ಮೂರು ಜಿಲ್ಲೆಗಳ ನೆಲದಲ್ಲಿ ಬೇರೆ ಬೇರೆ ಕಾಲದ ಕಲ್ಲುಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಊರು ಗೊತ್ತಾದರೆ ಅರ್ಧದಷ್ಟು ಹೆಸರುಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಇಳಕಲ್ಲಿನ ಕೆಂಪು, ಗುಲಾಬಿ ಗ್ರಾನೈಟ್ ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದದ್ದು. ಅದರ ಗುಲಾಬಿ ಬಣ್ಣ ಫೆಲ್ಡ್‌ಸ್ಪಾರಿನದು, ಕರಿ ಚುಕ್ಕೆ ಬಹುಮಟ್ಟಿಗೆ ಬಯೋಟೈಟ್ ಮತ್ತು ಹಾರ್ನ್‌ಬ್ಲೆಂಡಿನದು. ಗ್ರಾನೈಟಿನ ನಡುವೆ ದಪ್ಪ ಹರಳುಗಳ ಬಿಳಿ ಅಥವಾ ಗುಲಾಬಿ ಪಟ್ಟಿ ಹಾದುಹೋಗಿದ್ದರೆ ಅದು ಪೆಗ್ಮಟೈಟ್. ಟೂರ್ಮಲಿನ್ ಹುಡುಕಬೇಕಾದದ್ದು ಅಲ್ಲಿ. ಹುನಗುಂದ, ಅಮೀನಗಡದ ಕಡೆ ಇನ್ನೂ ಹಳೆಯ ಪದರಶಿಲೆಗಳಿವೆ, ಕಬ್ಬಿಣದ ಕಪ್ಪು ಗೆರೆಯೂ ಬೆಣಚಿನ ಗೆರೆಯೂ ಸೀರೆಯ ಅಂಚಿನಂತೆ ಒಂದರ ಮೇಲೊಂದು ಕೂತ ಪಟ್ಟೆಕಲ್ಲು ಸಿಗುತ್ತದೆ. ಅಲ್ಲಿಂದ ಬಂದ ಕಪ್ಪು ಹರಳನ್ನು ನೋಡಿದರೆ ನಾನು ಮೊದಲು ಅಯಸ್ಕಾಂತಕ್ಕೆ ಕೈ ಹಾಕುತ್ತೇನೆ.

ಬಾಗಲಕೋಟೆ, ಲೋಕಾಪುರ, ಮುಧೋಳ, ಬಾದಾಮಿ, ಗೋಕಾಕ ಕಲಾದಗಿ ಜಲಾನಯನ ಎಂಬ ಪುರಾತನ ತಗ್ಗಿಗೆ ಸೇರಿದವು. ನೂರು ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಮರಳು, ಕೆಸರು, ಸುಣ್ಣ ಕುಳಿತು ಆದ ಕಲ್ಲುಗಳು ಅಲ್ಲಿ ಹೆಚ್ಚು. ಸುಣ್ಣದ ಕಲ್ಲಿನ ಕ್ವಾರಿಯಿಂದ ಬಂದ ಕಪ್ಪು ಹರಳು ಮಸಿಬಣ್ಣದ ಕ್ಯಾಲ್ಸೈಟ್ ಆಗಿರಬಹುದು. ಅದರ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ನೊರೆಯೇಳುತ್ತದೆ. ಡೋಲೊಮೈಟ್ ಆದರೆ ಪುಡಿ ಮಾಡಿದ ಮೇಲಷ್ಟೇ ಮೆಲ್ಲಗೆ ಗುಳ್ಳೆ ಬಿಡುತ್ತದೆ.

ವಿಜಯಪುರ ಮತ್ತು ಬೆಳಗಾವಿಯ ಬಹುಭಾಗ ದಖ್ಖನ್ ಲಾವಾದ ಕರಿಕಲ್ಲು, ಸುಮಾರು 6.6 ಕೋಟಿ ವರ್ಷ ಹಳೆಯದು. ಗೋಳಗುಮ್ಮಟ ಕಟ್ಟಿದ್ದೂ ಇದೇ ಕಲ್ಲಿನಿಂದ. ಖಾನಾಪುರದ ಕಡೆ, ಘಟ್ಟದ ನೆತ್ತಿಯಲ್ಲಿ, ಮಳೆ ನೀರು ಹಳೆಯ ಕಲ್ಲನ್ನೆಲ್ಲ ಕರಗಿಸಿ ಜಂಬಿಟ್ಟಿಗೆ ಮಾಡಿದೆ. ಅಲ್ಲಿ ಸಿಗುವ ಕಪ್ಪು ಉಂಡೆಗಳು ಹೆಚ್ಚಾಗಿ ಕಬ್ಬಿಣ, ಮ್ಯಾಂಗನೀಸಿನ ಆಕ್ಸೈಡು; ಹರಳೇ ಅಲ್ಲ.

"ಮುಚ್ಚಿದ ಕ್ವಾರಿಗೆ ಹೋಗಬಹುದೇ? ಕಲ್ಲು ತಂದರೆ ಕೇಸು ಹಾಕುತ್ತಾರೆಯೇ?"

ಮುಚ್ಚಿದ ಕ್ವಾರಿಯೆಂದರೆ ಯಜಮಾನರಿಲ್ಲದ ಜಾಗವಲ್ಲ. ಕೆಲವು ಪಟ್ಟಾ ಜಮೀನು, ಕೆಲವು ಸರ್ಕಾರದ್ದು, ಕೆಲವಕ್ಕೆ ಗುತ್ತಿಗೆ ಇನ್ನೂ ಚಾಲ್ತಿಯಲ್ಲಿರುತ್ತದೆ. ಹೊಲದವರನ್ನೋ ಗುತ್ತಿಗೆದಾರರನ್ನೋ ಕೇಳಿ ಒಳಗೆ ಹೋಗಿ. ಕಟ್ಟಡದ ಕಲ್ಲಿನಂಥ ಉಪಖನಿಜಗಳಿಗೆ ರಾಜ್ಯದಲ್ಲಿ 1994ರ ನಿಯಮಾವಳಿ ಇದೆ. ತೆಗೆದು ಮಾರುವ ಯೋಚನೆಯಿದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸ್ಮಾರಕಗಳ ಆಸುಪಾಸಿನಲ್ಲಿ ಚಿಪ್ಪು ಕಲ್ಲನ್ನೂ ಮುಟ್ಟಬೇಡಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಪಟ್ಟದಕಲ್ಲಿನ ಬಳಿ ಚಾಲುಕ್ಯರ ಕಾಲದ ಕಲ್ಲುಗಣಿಗಳೇ ಇವೆ. ಅಲ್ಲಿ ಉಳಿಯ ಗುರುತೇ ಚರಿತ್ರೆ.

ಕಾನೂನಿಗಿಂತ ನನಗೆ ಹೆಚ್ಚು ಭಯ ಗುಂಡಿಗಳದ್ದು. ಕಡಿದ ಗೋಡೆಯ ಕೆಳಗೆ ನಿಲ್ಲಬೇಡಿ. ನಿಂತ ನೀರಿಗೆ ಇಳಿಯಬೇಡಿ, ಗ್ರಾನೈಟ್ ಕ್ವಾರಿಯಲ್ಲಿ ದಂಡೆಯೆಂಬುದೇ ಇರುವುದಿಲ್ಲ, ಮೊದಲ ಹೆಜ್ಜೆಯೇ ಆಳ. ಕಲ್ಲಿನ ತೂತಿನಿಂದ ತಂತಿಯೋ ಕೊಳವೆಯೋ ಇಣುಕುತ್ತಿದ್ದರೆ ಅದು ಸಿಡಿಯದೆ ಉಳಿದ ಮದ್ದಿರಬಹುದು. ಮುಟ್ಟದೆ ಹಿಂದೆ ಸರಿದು ಪೊಲೀಸರಿಗೆ ತಿಳಿಸಿ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಒದ್ದೆ ಬಟ್ಟೆ ಇರಲಿ.

## ಮನೆಯಲ್ಲಿಯೇ ಮಾಡುವ ಪರೀಕ್ಷೆ

"ಯಾವ ಯಾವ ಸಾಮಾನು ಬೇಕು? ದುಬಾರಿಯಾಗುತ್ತದೆಯೇ?"

ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಮೆರುಗಿಲ್ಲದ ಪಿಂಗಾಣಿಯ ತುಂಡು, ಒಡೆದ ಗಾಜು, ಚಾಕು, ಉಕ್ಕಿನ ಅರ, ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ. ಮಸೂರವೊಂದನ್ನು ಕೊಳ್ಳಬೇಕು, ಉಳಿದದ್ದು ಮನೆಯಲ್ಲೇ ಇದೆ. ತೂಕಕ್ಕೆ ಪತ್ತಾರರ ಅಂಗಡಿಯ ತಕ್ಕಡಿ ಇದ್ದೇ ಇದೆ.

"ಒರೆ ಹಚ್ಚಿ ನೋಡಿ ಅಂದಿರಿ. ಅದು ಬಂಗಾರಕ್ಕಲ್ಲವೇ?"

ಬಂಗಾರಕ್ಕೂ ಹೌದು, ಹರಳಿಗೂ ಹೌದು. ಪತ್ತಾರರು ಕರಿ ಒರೆಗಲ್ಲಿನ ಮೇಲೆ ಬಂಗಾರ ಉಜ್ಜುತ್ತಾರೆ. ನಾವು ಬಿಳಿ ಪಿಂಗಾಣಿಯ ಮೇಲೆ ಹರಳನ್ನು ಉಜ್ಜುತ್ತೇವೆ. ಟೈಲ್ಸಿನ ಹಿಂಬದಿ ಬಿಳಿಯಾಗಿದ್ದರೆ ಅದೂ ನಡೆಯುತ್ತದೆ, ಚಹಾ ಬಟ್ಟಲಿನ ತಳದ ಒರಟು ಬಳೆಯೂ ನಡೆಯುತ್ತದೆ. ಹರಳಿನ ಮೈಬಣ್ಣ ಸುಳ್ಳಾಡಬಹುದು, ಪುಡಿಯ ಬಣ್ಣ ಸುಳ್ಳಾಡುವುದು ಅಪರೂಪ.

ಮಸಿಯಂಥ ಕಪ್ಪು ಗೆರೆ ಮೂಡಿದರೆ ಮ್ಯಾಗ್ನಟೈಟ್ ಇಲ್ಲವೇ ಮ್ಯಾಂಗನೀಸಿನ ಆಕ್ಸೈಡು. ಎರಡನೆಯದು ಬೆರಳಿಗೂ ಕಾಡಿಗೆಯಂತೆ ಮೆತ್ತಿಕೊಳ್ಳುತ್ತದೆ. ಉಕ್ಕಿನಂತೆ ಕಪ್ಪಾಗಿ ಹೊಳೆಯುವ ಹರಳು ಕೆಮ್ಮಣ್ಣಿನ ಗೆರೆ ಎಳೆದರೆ ಅದು ಹೆಮಟೈಟ್. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಿದಾಗ ಪ್ರತಿ ವರ್ಷವೂ "ಹೋ" ಎಂಬ ಉದ್ಗಾರ ಬರುತ್ತಿತ್ತು, ಕಪ್ಪು ಕಲ್ಲಿನಿಂದ ಕೆಂಪು ಬಂದಿತಲ್ಲ ಎಂದು. ಬಾದಾಮಿಯ ಮರಳುಗಲ್ಲಿನ ಕೆಂಪೂ ಇದೇ ಕಬ್ಬಿಣದ ಆಕ್ಸೈಡಿನದು. ಹಳದಿ ಮಿಶ್ರಿತ ಕಂದು ಗೆರೆ ಬಂದರೆ ಗೊಥೈಟ್. ಟೂರ್ಮಲಿನ್, ಹಾರ್ನ್‌ಬ್ಲೆಂಡ್, ಆಗೈಟ್ ಮೈಯೆಲ್ಲ ಕಪ್ಪಾಗಿದ್ದರೂ ಅವುಗಳ ಪುಡಿ ಬಿಳಿ ಅಥವಾ ನಸುಬೂದು.

ಒಂದು ಎಚ್ಚರ: ಖನಿಜಗಳ ಗಡಸನ್ನು 1ರಿಂದ 10ರವರೆಗೆ ಎಣಿಸುವ ಮೋಹ್ಸ್ ಪಟ್ಟಿಯಲ್ಲಿ ಪಿಂಗಾಣಿಯ ಗಡಸು ಸುಮಾರು 6.5ರಿಂದ 7. ಹರಳು ಅದಕ್ಕಿಂತ ಗಡಸಾಗಿದ್ದರೆ ಪಿಂಗಾಣಿಯೇ ಸವೆದು ಬಿಳಿ ಪುಡಿ ಬೀಳುತ್ತದೆ. ಅದನ್ನು ಹರಳಿನ ಪುಡಿ ಎಂದು ಬರೆದುಕೊಂಡವರಿದ್ದಾರೆ. ಬೆರಳಿನಿಂದ ಒರೆಸಿ ನೋಡಿ, ಕೆಳಗೆ ಗೀರು ಬಿದ್ದಿದ್ದರೆ ಸೋತದ್ದು ಪಿಂಗಾಣಿ.

"ಗಾಜನ್ನು ಗೀರಿತು. ಹಾಗಾದರೆ ವಜ್ರ ಅಲ್ಲವೇ?"

ಅಲ್ಲ. ಗಾಜಿನ ಗಡಸು ಸುಮಾರು 5.5. ಬೆಣಚುಕಲ್ಲಿನದು 7, ಟೂರ್ಮಲಿನ್‌ದು 7ರಿಂದ 7.5. ಹೊಲದ ಬದುವಿನ ಬೆಣಚೂ ಗಾಜನ್ನು ಗೀರುತ್ತದೆ. ಹರಳು ಗಾಜನ್ನು ಗೀರಿದರೆ 5.5ಕ್ಕಿಂತ ಮೇಲೆ ಎಂದಷ್ಟೇ ತಿಳಿಯಿತು. ಮುಂದೆ ಉಕ್ಕಿನ ಅರದಿಂದ ಹರಳನ್ನು ಉಜ್ಜಿ. ಅರ ಹಿಡಿದರೆ ಹಾರ್ನ್‌ಬ್ಲೆಂಡ್, ಆಗೈಟಿನ ಕಡೆ ವಾಲಿ. ಅರ ಜಾರಿದರೆ ಟೂರ್ಮಲಿನ್, ಗಾರ್ನೆಟ್, ಬೆಣಚಿನ ಕಡೆ. ಉಗುರಿನಿಂದಲೋ ತುಸು ಬಲವಾಗಿ ಚಾಕುವಿನ ಮೊನೆಯಿಂದಲೋ ಪದರ ಏಳುತ್ತಿದ್ದರೆ ಅಭ್ರಕ, ಅಂದರೆ ಕಾಗೆಬಂಗಾರ. ಹವೆಗೆ ಹಳಸಿದ ಮೈಯ ಮೇಲೆ ಪರೀಕ್ಷೆ ಮಾಡಬೇಡಿ, ಹೊಸದಾಗಿ ಒಡೆದ ಮೈ ಬೇಕು.

"ನೀರಿನಲ್ಲಿ ತೂಗುವುದು ಹೇಗೆ? ಆರ್ಕಿಮಿಡೀಸ್ ಪರೀಕ್ಷೆಗೆ ಓದಿದ್ದೆ, ಮರೆತೆ."

ಎರಡೇ ತೂಕ. ಮೊದಲು ಒಣ ಹರಳನ್ನು ತೂಗಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಹರಳನ್ನು ತೆಳು ದಾರದಿಂದ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ತೂಗಾಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ಹರಳು ಸರಿಸಿದ ನೀರಿನ ತೂಕ. ಮೊದಲ ಅಂಕಿಯನ್ನು ಇದರಿಂದ ಭಾಗಿಸಿ. ಒಣ ತೂಕ 46.5 ಗ್ರಾಂ, ನೀರಿನ ಅಂಕಿ 15 ಗ್ರಾಂ ಬಂದರೆ ಸಾಂದ್ರತೆ 3.1.

ಬೆಣಚು 2.65. ಟೂರ್ಮಲಿನ್ 3ರಿಂದ 3.3ರ ಆಸುಪಾಸು, ಹಾರ್ನ್‌ಬ್ಲೆಂಡ್ ಕೂಡ ಹೆಚ್ಚುಕಡಿಮೆ ಅಷ್ಟೇ, ಆಗೈಟ್ ಸ್ವಲ್ಪ ಹೆಚ್ಚು. ಇಲ್ಮನೈಟ್ 4.7, ಮ್ಯಾಗ್ನಟೈಟ್ ಮತ್ತು ಹೆಮಟೈಟ್ 5.2ರ ಹತ್ತಿರ. ಈ ಪರೀಕ್ಷೆ ಸಾಕ್ಷಿ ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಹರಳಿಗೆ ತಾಯಿಕಲ್ಲು ಅಂಟಿಕೊಂಡಿದ್ದರೆ ಲೆಕ್ಕ ಕೆಡುತ್ತದೆ, ಗುಳ್ಳೆ ಅಂಟಿಕೊಂಡಿದ್ದರೂ ಕೆಡುತ್ತದೆ. ಐದು ಗ್ರಾಮಿಗಿಂತ ಸಣ್ಣ ಹರಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನನಗೆ ಅಂಕಿ ಕಳಿಸಬೇಡಿ. ಪತ್ತಾರರು ಮೊದಲ ಸಲ ನಗುತ್ತಾರೆ, ಎರಡನೇ ಸಲ ತಾವೇ ಲೋಟ ತಂದಿಡುತ್ತಾರೆ.

"ಅಯಸ್ಕಾಂತ ಹಿಡಿಯಿತು. ಕಬ್ಬಿಣದ ಅದಿರೇ?"

ತಟ್ಟನೆ ಅಂಟಿಕೊಂಡರೆ ಮ್ಯಾಗ್ನಟೈಟ್ ಎನ್ನಬಹುದು. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಕೂಡಿಸಿದಂತೆ ಎಂಟು ಮುಖಗಳಿದ್ದರೆ ಅನುಮಾನವೇ ಬೇಡ. ಕೆಲವು ಮ್ಯಾಗ್ನಟೈಟ್ ತುಂಡುಗಳು ತಾವೇ ಅಯಸ್ಕಾಂತವಾಗಿ ಗುಂಡುಸೂಜಿ ಎತ್ತುತ್ತವೆ. ನಮ್ಮ ಹಿರಿಯರು ಸೂಜಿಗಲ್ಲು ಎಂದದ್ದು ಅದನ್ನೇ. ದುರ್ಬಲವಾದ ಸೆಳೆತ ನೋಡಬೇಕಾದರೆ ಅಯಸ್ಕಾಂತವನ್ನು ದಾರದಲ್ಲಿ ಇಳಿಬಿಟ್ಟು ಹರಳನ್ನು ಮೆಲ್ಲಗೆ ಹತ್ತಿರ ತನ್ನಿ; ಇಲ್ಮನೈಟ್ ಆದರೆ ದಾರ ತುಸು ವಾಲಬಹುದು. ಸುತ್ತಿಗೆಯಿಂದ ಉದುರಿದ ಉಕ್ಕಿನ ಪುಡಿ ಹರಳಿನ ಮೇಲೆ ಕೂತು ಅದೇ ಅಂಟಿಕೊಳ್ಳುವುದೂ ಉಂಟು. ಮೊದಲು ತೊಳೆಯಿರಿ.

"ತೊಳೆಯುವುದು ಹೇಗೆ? ಬಚ್ಚಲಿನ ಆಸಿಡ್ ಹಾಕಲೇ?"

ಬೇಡ. ನೀರು, ಹಳೆಯ ಹಲ್ಲುಜ್ಜುವ ಬ್ರಶ್, ಬಿದಿರು ಕಡ್ಡಿ ಸಾಕು. ಹರಳಿನ ಜೊತೆ ಕ್ಯಾಲ್ಸೈಟ್ ಇದ್ದರೆ ಆಸಿಡ್ ಅದನ್ನು ತಿಂದುಬಿಡುತ್ತದೆ. ಯಾವ ಕಲ್ಲಿನಲ್ಲಿ ಹುಟ್ಟಿತು ಎಂಬ ದಾಖಲೆಯನ್ನೇ ನೀವು ತೊಳೆದುಹಾಕಿದಂತೆ. ತುಕ್ಕಿನ ಕಲೆಗೆ ಸಂಗ್ರಾಹಕರು ಬಳಸುವ ಆಕ್ಸಾಲಿಕ್ ಆಮ್ಲ ವಿಷ, ಮಕ್ಕಳಿರುವ ಮನೆಗೆ ಅದು ಸಲ್ಲದು.

## ಹೆಸರು ಹಿಡಿಯುವುದು

"ಪೆನ್ಸಿಲಿನಂತೆ ಉದ್ದಕ್ಕಿದೆ, ಇದ್ದಿಲಿನಂತೆ ಕಪ್ಪಗಿದೆ. ಒಬ್ಬರು ಟೂರ್ಮಲಿನ್ ಅಂದರು, ಇನ್ನೊಬ್ಬರು ಹಾರ್ನ್‌ಬ್ಲೆಂಡ್ ಅಂದರು. ಯಾರನ್ನು ನಂಬಲಿ?"

ಯಾರನ್ನೂ ನಂಬಬೇಡಿ, ಹರಳನ್ನು ತಿರುಗಿಸಿ ತುದಿ ನೋಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟೂರ್ಮಲಿನ್ ಹರಳನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವುದು ತ್ರಿಕೋನ, ಆದರೆ ಬದಿಗಳು ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಾಗಿರುತ್ತವೆ. ತಿಂದು ಮಲಗಿದ ತ್ರಿಕೋನ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಕೆಲವೊಮ್ಮೆ ಆರು ಅಥವಾ ಒಂಬತ್ತು ಬದಿಗಳೂ ಕಾಣಬಹುದು. ಮೈಮೇಲೆ ಉದ್ದುದ್ದಕ್ಕೆ, ಬಾಚಣಿಗೆಯಿಂದ ಬಾಚಿದಂತೆ, ಸಣ್ಣ ಗೀರುಗಳಿರುತ್ತವೆ. ಒಡೆದರೆ ಯಾವ ನಿಯಮವೂ ಇಲ್ಲದೆ, ಇದ್ದಿಲು ಮುರಿದಂತೆ ಮುರಿಯುತ್ತದೆ.

ಹಾರ್ನ್‌ಬ್ಲೆಂಡ್ ಹಾಗಲ್ಲ. ಅದರ ತುದಿ ಚಪ್ಪಟೆಯಾದ ಷಟ್ಕೋನ. ಒಡೆದಾಗ ಎರಡು ದಿಕ್ಕಿನಲ್ಲಿ ನಯವಾದ ಮೈ ಬಿಡುತ್ತದೆ, ಅವುಗಳ ನಡುವಿನ ಕೋನ ಸುಮಾರು 56 ಮತ್ತು 124 ಡಿಗ್ರಿ. ಬೆಳಕಿಗೆ ಹಿಡಿದು ತಿರುಗಿಸಿದರೆ ಒಡೆದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಿಂಚು ಏಳುತ್ತದೆ. ಆಗೈಟ್ ಕುಳ್ಳ ಹರಳು. ತುದಿ ಎಂಟು ಬದಿಯದು, ಒಡೆಯುವ ಕೋನ 87 ಮತ್ತು 93, ಅಂದರೆ ಕಣ್ಣಿಗೆ ಲಂಬಕೋನವೇ. ರಟ್ಟಿನ ತುಂಡಿನಲ್ಲಿ 56 ಡಿಗ್ರಿಯ ಕಚ್ಚು ಒಂದು, 87ರದು ಒಂದು ಕತ್ತರಿಸಿಟ್ಟುಕೊಂಡರೆ ಸಣ್ಣ ಹರಳನ್ನೂ ಅದರಲ್ಲಿ ಕೂರಿಸಿ ನೋಡಬಹುದು. ಒಂದೇ ಖನಿಜದ ಹರಳು ಹಿರಿದಾಗಲಿ ಕಿರಿದಾಗಲಿ, ಸೊಟ್ಟಗೇ ಬೆಳೆಯಲಿ, ಅದರ ಅನುರೂಪ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ 1669ರಲ್ಲಿ ಹೇಳಿದ ಮಾತು ಇದು. ಹೀಗಾಗಿ ಬಣ್ಣಕ್ಕಿಂತ ಕೋನ ನಂಬಿಕಸ್ಥ.

ಮನೆಯನ್ನೂ ನೋಡಿ. ಬೆಣಚು, ಫೆಲ್ಡ್‌ಸ್ಪಾರ್, ಬೆಳ್ಳಿಬಣ್ಣದ ಅಭ್ರಕದ ನಡುವೆ ಕೂತಿದ್ದರೆ ಟೂರ್ಮಲಿನ್ ಇರಬಹುದು. ಕರಿ ಹಸಿರು ಪದರಶಿಲೆಯೊಳಗೆ ಸಾವಿರ ಸೂಜಿಗಳಂತೆ ಒಂದೇ ಕಡೆ ತಲೆಯಿಟ್ಟಿದ್ದರೆ ಹಾರ್ನ್‌ಬ್ಲೆಂಡ್ ಇರಬಹುದು.

ನಾನೂ ಎಡವಿದ್ದೇನೆ. ಹುನಗುಂದದ ಕಡೆಯ ಒಬ್ಬ ಹುಡುಗ ತಂದ ಹರಳನ್ನು ನೋಡಿದ ಕೂಡಲೇ ಟೂರ್ಮಲಿನ್ ಎಂದುಬಿಟ್ಟೆ. ಅವನು ವಿಜ್ಞಾನ ಪ್ರದರ್ಶನದಲ್ಲಿ ಹಾಗೆಯೇ ಚೀಟಿ ಬರೆದಿಟ್ಟ. ತಿಂಗಳ ಮೇಲೆ ಅದು ಕೈಜಾರಿ ಬಿದ್ದು ಒಡೆಯಿತು, ಒಡೆದ ಮೈ ಮೆಟ್ಟಿಲಾಗಿ ಮಿಂಚಿತು. "ಸರ್, ನೀವೇ ಹೇಳಿದ ಮೆಟ್ಟಿಲು" ಎಂದು ಚೂರುಗಳನ್ನು ಹಿಡಿದುಕೊಂಡು ಬಂದ. ಅಂದಿನಿಂದ ಒಂದು ಮೂಲೆಯನ್ನಾದರೂ ಒಡೆಯದೆ ನಾನು ಹೆಸರು ಹೇಳುವುದಿಲ್ಲ.

"ಪುಸ್ತಕದ ಹಾಳೆಯಂತೆ ಬಿಡಿಸಲು ಬರುತ್ತದೆ, ಆದರೆ ಕಪ್ಪು. ಕಾಗೆಬಂಗಾರ ಬಿಳಿ ಇರುತ್ತದಲ್ಲವೇ?"

ಕರಿಯ ಕಾಗೆಬಂಗಾರವೂ ಇದೆ, ಅದರ ಹೆಸರು ಬಯೋಟೈಟ್. ಬಿಡಿಸಿದ ಹಾಳೆಯನ್ನು ಬಾಗಿಸಿ ಬಿಟ್ಟರೆ ಪುಟಿದು ನೆಟ್ಟಗಾಗುತ್ತದೆ, ಬೆಳಕಿಗೆ ಹಿಡಿದರೆ ಕಂದಾಗಿ ಕಾಣುತ್ತದೆ. ಬಾಗಿದ್ದು ಬಾಗಿದಂತೆಯೇ ಉಳಿದು, ಬಣ್ಣ ಹಸಿರಾಗಿದ್ದರೆ ಕ್ಲೋರೈಟ್.

"ದಾಳದಂತೆ ಚೌಕ ಚೌಕ. ಯಾರೋ ಕೆತ್ತಿ ಎಸೆದದ್ದೇ?"

ಯಾರೂ ಕೆತ್ತಿಲ್ಲ. ಪೈರೈಟ್ ಎಂಬ ಹಳದಿ ಹೊಳಪಿನ ಖನಿಜ ಘನಾಕೃತಿಯಲ್ಲಿ ಬೆಳೆಯುತ್ತದೆ. ಮಳೆ, ಗಾಳಿಗೆ ಅದರ ಗಂಧಕ ಹೋಗಿ ಕಬ್ಬಿಣ ತುಕ್ಕಾಗುತ್ತದೆ, ಆಕಾರ ಮಾತ್ರ ಹಾಗೆಯೇ ಉಳಿಯುತ್ತದೆ. ಹಳೆಯ ವಾಡೆಯಲ್ಲಿ ಹೊಸ ಬಾಡಿಗೆದಾರ ಬಂದಂತೆ. ಒರೆಗೆ ಹಚ್ಚಿದರೆ ಹಳದಿ ಕಂದು. ಒಂದನ್ನು ಒಡೆದು ನೋಡಿ, ನಡುವೆ ಪೈರೈಟಿನ ಹಳದಿ ಕಣ್ಣು ಉಳಿದಿರುವುದುಂಟು.

"ಕಲ್ಲು ಸೀಳಿದಾಗ ಒಳಗೆ ಕಪ್ಪು ಜರಿಗಿಡ ಕಂಡಿತು. ಪಳೆಯುಳಿಕೆಯೇ?"

ಗಿಡವಲ್ಲ, ಹರಳೂ ಅಲ್ಲ. ಬಿರುಕಿನಲ್ಲಿ ಜಿನುಗಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಚಿತ್ತಾರ. ಇಂಥವನ್ನು ಡೆಂಡ್ರೈಟ್ ಎನ್ನುತ್ತಾರೆ. ಚೆನ್ನಾಗಿದ್ದರೆ ಚೌಕಟ್ಟು ಹಾಕಿಸಿ.

"ಕಪ್ಪಾಗಿ ಕಾಣುತ್ತದೆ, ಟಾರ್ಚ್ ಹಿಡಿದರೆ ಕಂದು ಬೆಳಕು ದಾಟುತ್ತದೆ."

ಹೊಗೆಬಣ್ಣದ ಬೆಣಚು. ಆರು ಬದಿಯ ಕಂಬ, ಮೊನಚು ತಲೆ, ಮೈಮೇಲಿನ ಗೀರುಗಳು ಅಡ್ಡಕ್ಕೆ. ಟೂರ್ಮಲಿನ್‌ದು ಉದ್ದಕ್ಕೆ ಎಂಬುದನ್ನು ಮರೆಯಬೇಡಿ. ಬೆಣಚಿನೊಳಗೆ ಸೇರಿದ ತುಸು ಅಲ್ಯುಮಿನಿಯಂ ಮತ್ತು ಸುತ್ತಲಿನ ಕಲ್ಲಿನ ಸಹಜ ವಿಕಿರಣ ಎರಡೂ ಕೂಡಿ ಲಕ್ಷಾಂತರ ವರ್ಷಗಳಲ್ಲಿ ಈ ಬಣ್ಣ ಕಟ್ಟುತ್ತವೆ. ಹರಳಿನಿಂದ ನಿಮಗೆ ವಿಕಿರಣದ ಭಯವಿಲ್ಲ. ಚೆನ್ನಾಗಿ ಕಾಯಿಸಿದರೆ ಬಣ್ಣ ಹಾರಿಹೋಗುತ್ತದೆ, ಆದ್ದರಿಂದ ಕಾಯಿಸಬೇಡಿ.

"ವಿಜಯಪುರದ ಕರಿಕಲ್ಲಿನ ಪೊಟರೆಯೊಳಗೆ ಹರಳಿವೆ, ಗೋಡೆ ಕರಿಹಸಿರು. ಇದೂ ಗ್ರಾನೈಟಿನ ಹರಳಿನ ಜಾತಿಯೇ?"

ಬೇರೆಯೇ ವಂಶ. ಲಾವಾ ಆರುವಾಗ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳೇ ಈ ಪೊಟರೆಗಳು. ಆಮೇಲೆ ಬಿಸಿನೀರು ಹರಿದು ಒಳಗೋಡೆಗೆ ಸೆಲಡೊನೈಟಿನಂಥ ಕರಿಹಸಿರು ಮೆತ್ತಿ, ಅದರ ಮೇಲೆ ಸ್ಟಿಲ್ಬೈಟ್, ಹ್ಯೂಲಂಡೈಟ್ ಮೊದಲಾದ ಜಿಯೋಲೈಟುಗಳನ್ನೂ ಕ್ಯಾಲ್ಸೈಟನ್ನೂ ಬೆಣಚನ್ನೂ ಬೆಳೆಸುತ್ತದೆ. ಪುಣೆ, ನಾಸಿಕ, ಜಳಗಾವಿಯ ಇಂಥ ಹರಳುಗಳು ಲೋಕದ ಸಂಗ್ರಹಾಲಯಗಳಲ್ಲಿವೆ. ನಮ್ಮದೂ ಅದೇ ಲಾವಾ. ಒಳಗಿನ ಹರಳು ಕಪ್ಪಾಗಿ ಕಂಡರೆ ಸೂಜಿಯಿಂದ ಕೆರೆದು ನೋಡಿ. ಬಿಳಿ ಹರಳಿನ ಮೇಲೆ ಕಪ್ಪು ಅಂಗಿ ತೊಡಿಸಿದಂತೆ ತೆಳು ಲೇಪವಷ್ಟೇ ಇರಬಹುದು.

"ಇದು ಕಪ್ಪು ವಜ್ರವೋ ಉಲ್ಕೆಯೋ ಇರಿಡಿಯಮ್ಮೋ? ಒಬ್ಬರು ಲಕ್ಷ ಕೊಡುತ್ತೇನೆ ಅನ್ನುತ್ತಿದ್ದಾರೆ."

ಲಕ್ಷ ಕೊಡುವವರು ಮೊದಲು ನಿಮ್ಮಿಂದ "ಪರೀಕ್ಷೆಯ ಖರ್ಚು" ಎಂದು ಸಾವಿರಗಳನ್ನು ಕೇಳಿರುತ್ತಾರೆ. ಅಲ್ಲವೇ? ಅಕ್ಕಿಕಾಳು ಸೆಳೆಯುವ ಪಾತ್ರೆ, ಇರಿಡಿಯಂ ಚೊಂಬು ಎಂಬ ಹೆಸರಿನಲ್ಲಿ ನಡೆಯುವ ವಂಚನೆಯ ಇನ್ನೊಂದು ವೇಷ ಇದು. ಇರಿಡಿಯಂ ಅಕ್ಕಿಯನ್ನು ಸೆಳೆಯುವುದಿಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಅದರ ಸಾಂದ್ರತೆ 22ಕ್ಕೂ ಹೆಚ್ಚು, ಅಂದರೆ ನಿಂಬೆಹಣ್ಣಿನಷ್ಟು ಗಾತ್ರದ್ದನ್ನು ಎತ್ತಿದರೂ ಕೈ ಜಗ್ಗುತ್ತದೆ. ಕಾರ್ಬೊನಾಡೊ ಎಂಬ ಕಪ್ಪು ವಜ್ರ ಮುಖ್ಯವಾಗಿ ಸಿಗುವುದು ಬ್ರೆಜಿಲ್ ಮತ್ತು ಮಧ್ಯ ಆಫ್ರಿಕಾದಲ್ಲಿ. ಉಲ್ಕೆಯ ಮೈಮೇಲೆ ನೀಳ ಹರಳುಗಳು ಎದ್ದು ನಿಂತಿರುವುದಿಲ್ಲ, ಸುಟ್ಟ ತೆಳು ಸಿಪ್ಪೆ ಇರುತ್ತದೆ. ಗುಳ್ಳೆ ಗುಳ್ಳೆಯಾದ ಕಪ್ಪು ಗಾಜಿನಂಥ ಭಾರದ ಉಂಡೆಯಾದರೆ ಅದು ಹಳೆಯ ಕುಲುಮೆಯ ಕಬ್ಬಿಣದ ಕಿಟ್ಟ. ಕಪ್ಪು ಟೂರ್ಮಲಿನ್‌ಗೆ ಆಭರಣದ ಪೇಟೆಯಲ್ಲಿ ದೊಡ್ಡ ಬೆಲೆಯಿಲ್ಲ. ನನ್ನ ಕಣ್ಣಿಗೆ ಬೆಲೆಯಿದೆ, ಆದರೆ ನಾನು ಹಣ ಕೊಡುವುದಿಲ್ಲ.

## ಇನ್ನೂ ಆಳಕ್ಕೆ

"ಗ್ರಾನೈಟಿನಲ್ಲಿ ಸಾಸಿವೆಯಷ್ಟಿದ್ದ ಹರಳು ಬಿಳಿ ಪಟ್ಟಿಯಲ್ಲಿ ಗೇಣುದ್ದ ಹೇಗಾಯಿತು?"

ಶಿಲಾಪಾಕ ತಣಿಯುತ್ತ ಬಂದಂತೆ ಮೊದಲು ಫೆಲ್ಡ್‌ಸ್ಪಾರ್, ಬಯೋಟೈಟ್ ಮುಂತಾದವು ಗಟ್ಟಿಯಾಗುತ್ತವೆ. ಅವುಗಳ ಚೌಕಟ್ಟಿನಲ್ಲಿ ಜಾಗ ಸಿಗದ ನೀರು, ಬೋರಾನ್, ಫ್ಲೋರಿನ್ ಕೊನೆಯ ಪಾಕದಲ್ಲಿ ಕೂಡಿಕೊಳ್ಳುತ್ತವೆ. ನೀರು ಹೆಚ್ಚಿದ ಪಾಕ ತೆಳು. ಅದರಲ್ಲಿ ಕಣಗಳು ಸಲೀಸಾಗಿ ಓಡಾಡುತ್ತವೆ, ಹರಳಿನ ಬೀಜಗಳು ಹುಟ್ಟುವುದೂ ಕಡಿಮೆ. ಕಲ್ಲುಸಕ್ಕರೆ ಮಾಡುವವರಿಗೆ ಇದು ಗೊತ್ತು: ಬೀಜ ಕಡಿಮೆಯಾದಷ್ಟು ಹರಳು ದೊಡ್ಡದು. ಆ ಪಾಕ ಬಿರುಕಿಗೆ ನುಗ್ಗಿ ಗಟ್ಟಿಯಾದರೆ ಪೆಗ್ಮಟೈಟ್. ಟೂರ್ಮಲಿನ್‌ಗೆ ಬೋರಾನ್ ಬೇಕೇ ಬೇಕು, ಹೀಗಾಗಿ ಅದು ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರುತ್ತದೆ.

"ಟೂರ್ಮಲಿನ್ ಬಿಸಿಯಾದರೆ ಬೂದಿ ಸೆಳೆಯುತ್ತದಂತೆ. ನಿಜವೇ?"

ನಿಜ. ಕಾಯಿಸಿದಾಗ ಅಥವಾ ಆರುವಾಗ ಹರಳಿನ ಒಂದು ತುದಿಗೆ ಧನ, ಇನ್ನೊಂದಕ್ಕೆ ಋಣ ವಿದ್ಯುದಂಶ ಬರುತ್ತದೆ. ಸಿಂಹಳದಿಂದ ಹರಳು ಒಯ್ದ ಡಚ್ಚರು ಇದನ್ನು ಬೂದಿ ಎಳೆಯುವ ಕಲ್ಲು ಎಂದೇ ಕರೆದಿದ್ದರು. ಟೂರ್ಮಲಿನ್ ಎಂಬ ಹೆಸರೂ ಸಿಂಹಳ ಭಾಷೆಯಿಂದ ಬಂದದ್ದು. ಆದರೆ ಕಬ್ಬಿಣ ತುಂಬಿದ ಕಪ್ಪು ಜಾತಿಯಲ್ಲಿ ಈ ಗುಣ ಮಂಕು. ಬೂದಿ ಅಂಟಲಿಲ್ಲವೆಂದು ಟೂರ್ಮಲಿನ್ ಅಲ್ಲ ಎನ್ನಬೇಡಿ. ಗ್ಯಾಸಿನ ಉರಿಗೆ ನೇರವಾಗಿ ಹಿಡಿಯಬೇಡಿ, ಸಿಡಿಯುತ್ತದೆ.

"ಗ್ರಾನೈಟಿನ ಕಪ್ಪು ಹರಳಿನಲ್ಲಿ ವಿಕಿರಣ ಇರಬಹುದೇ?"

ಕೆಲವದರಲ್ಲಿ ಇರುತ್ತದೆ. ಅಲನೈಟ್ ಎಂಬುದು ಡಾಂಬರಿನಂಥ ಹೊಳಪಿನ ಕಪ್ಪು ಖನಿಜ, ಅದರಲ್ಲಿ ಥೋರಿಯಂ ಸೇರಿರಬಹುದು. ಸುತ್ತಲಿನ ಫೆಲ್ಡ್‌ಸ್ಪಾರಿನಲ್ಲಿ ಸೂರ್ಯನ ಕಿರಣಗಳಂತೆ ಬಿರುಕು, ತುಕ್ಕುಗೆಂಪು ಕಲೆ ಕಂಡರೆ ಅನುಮಾನಪಡಿ. ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ, ಪುಡಿ ಮಾಡಬೇಡಿ, ಕೈ ತೊಳೆದುಕೊಳ್ಳಿ, ಗಾಬರಿ ಬೇಡ. ಬೆಳಗಾವಿ ಜಿಲ್ಲೆಯ ದೇಶನೂರಿನ ಸುತ್ತ ಬಾದಾಮಿ ಗುಂಪಿನ ಮರಳುಗಲ್ಲಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಶೋಧಿಸಿದೆ, ಅದೂ ಭೂಮಿಯೊಳಗೆ. ನಿಮ್ಮ ಹರಳು ಅಂಥದ್ದು ಎಂಬ ಬಲವಾದ ಅನುಮಾನವಿದ್ದರೆ ಕೇಳಬೇಕಾದದ್ದು ಆ ನಿರ್ದೇಶನಾಲಯವನ್ನೇ, ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ.

"ಪ್ರಯೋಗಾಲಯಕ್ಕೆ ಕೊಡುವುದಾದರೆ ಎಲ್ಲಿಗೆ, ಏನನ್ನು ಕೊಡಬೇಕು?"

ಹತ್ತಿರದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ. ಮೊದಲು ಪತ್ರ ಬರೆದು ಒಪ್ಪಿಗೆ ಪಡೆಯಿರಿ; ಚೀಲ ಹೊತ್ತು ಬಾಗಿಲಿಗೆ ಹೋಗಿ ನಿಲ್ಲಬೇಡಿ. ಒಳ್ಳೆಯ ಹರಳನ್ನು ಮನೆಯಲ್ಲಿಟ್ಟು ಅದೇ ಗೊಂಚಲಿನ ಮುರಿದ ತುಂಡು ಕೊಡಿ, ತಾಯಿಕಲ್ಲಿನ ತುಂಡೂ ಜೊತೆಗಿರಲಿ. ಊರು, ಕ್ವಾರಿ, ಗೋಡೆಯ ಯಾವ ಭಾಗ, ದಿನಾಂಕ, ನಿಮ್ಮ ಒರೆ ಮತ್ತು ಸಾಂದ್ರತೆಯ ಅಂಕಿ, ಇಷ್ಟನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆ ಕಾಗದದಲ್ಲಿ ಸುತ್ತಿ. ಕಲ್ಲನ್ನು ತೆಳುವಾಗಿ, 0.03 ಮಿಲಿಮೀಟರಿಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ವಿಧಾನ, ಇಂದಿಗೂ ಅದನ್ನು ಮೀರಿಸುವುದು ಕಷ್ಟ. ಕ್ಷ-ಕಿರಣದಿಂದ ಅಣುಜೋಡಣೆ ತಿಳಿಯುತ್ತದೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವನ್ನೇ ಬಳಸುವ ಉಪಕರಣವೂ ಈಗ ಇದೆ, ಹರಳನ್ನು ಮುರಿಯದೆ ಲೇಸರ್ ಬೆಳಕಿನಿಂದಲೇ ಗುರುತು ಹೇಳುತ್ತದೆ.

"ಅಷ್ಟೆಲ್ಲ ಮಾಡಿದರೂ ವರದಿಯಲ್ಲಿ 'ಟೂರ್ಮಲಿನ್ ಗುಂಪು' ಎಂದಷ್ಟೇ ಬರೆದಿದ್ದಾರೆ. ಪೂರ್ತಿ ಹೆಸರು ಯಾಕಿಲ್ಲ?"

ಟೂರ್ಮಲಿನ್ ಎಂಬುದು ಒಂದು ಖನಿಜದ ಹೆಸರಲ್ಲ, ಮನೆತನದ ಹೆಸರು. ಕಬ್ಬಿಣ ಹೆಚ್ಚಿರುವ ಕಪ್ಪು ಸದಸ್ಯ ಶೋರ್ಲ್, ಮೆಗ್ನೀಸಿಯಂ ಹೆಚ್ಚಿರುವ ಕಂದು ಸದಸ್ಯ ಡ್ರಾವೈಟ್. ಎರಡರ ನಡುವೆ ಗೋಡೆಯಿಲ್ಲ. ಅದೇ ಜಾಗದಲ್ಲಿ ಒಮ್ಮೆ ಕಬ್ಬಿಣ, ಒಮ್ಮೆ ಮೆಗ್ನೀಸಿಯಂ ಕೂತು, ಒಂದೇ ಹರಳಿನ ಬುಡ ಒಂದಾಗಿ ತುದಿ ಇನ್ನೊಂದಾಗಿರಬಹುದು. ಕ್ಷ-ಕಿರಣದ ಕಣ್ಣಿಗೆ ಇಬ್ಬರೂ ಅವಳಿಗಳಂತೆ. ಬಿಡಿಸಿ ಹೇಳಲು ಪ್ರತಿ ಧಾತುವಿನ ಪ್ರಮಾಣ ಅಳೆಯಬೇಕು, ಬೋರಾನ್ ಮತ್ತು ಲಿಥಿಯಂನಂಥ ಹಗುರ ಧಾತುಗಳು ಸಾಮಾನ್ಯ ಉಪಕರಣಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. ವರದಿ ಬರೆದವರು ತಮಗೆ ತಿಳಿದಷ್ಟನ್ನೇ ಬರೆದಿದ್ದಾರೆ. ಅದು ಒಳ್ಳೆಯ ಪ್ರಯೋಗಾಲಯದ ಲಕ್ಷಣ. ನಿಮ್ಮ ಹರಳು ಕಡುಗಪ್ಪಾಗಿದ್ದು, ಗ್ರಾನೈಟಿನ ಪೆಗ್ಮಟೈಟಿನಿಂದಲೇ ಬಂದಿದ್ದರೆ ಚೀಟಿಯಲ್ಲಿ "ಟೂರ್ಮಲಿನ್, ಬಹುಶಃ ಶೋರ್ಲ್" ಎಂದು ಬರೆಯಿರಿ. "ಬಹುಶಃ" ಎಂಬುದನ್ನು ಪೆನ್ಸಿಲಿನಲ್ಲಿ ಬರೆದರೆ ಮುಂದೆ ಅಳಿಸಲು ಅನುಕೂಲ.